ಹೆಚ್ಚುವರಿ ಹನ್ನೊಂದು ದಿಮ್ಮಿ

ಮಾರ್ಚ್ 18, ಸೋಮವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಮರುತಂಕಡವು ಎಂಬ ಊರಿನ ಪೊಲೀಸ್ ಠಾಣೆಗೆ ಒಂದು ದೂರು ಬಂತು. ತಂದವರು ಹೊಳೆದಂಡೆಯ ಸರ್ಕಾರಿ ಮರದ ಡಿಪೋದ ಅಧಿಕಾರಿ ಸುಗತನ್. ಕುಳಿತರು, ಬೆವರು ಒರೆಸಿಕೊಂಡರು, ಎದ್ದರು, ಮತ್ತೆ ಕುಳಿತರು.

ಎದುರಿಗಿದ್ದವರು ಇನ್‌ಸ್ಪೆಕ್ಟರ್ ಬೇಬಿ ತರಿಯನ್. ವಯಸ್ಸು ಐವತ್ತೆರಡು, ತೂಕ ತೊಂಬತ್ತನಾಲ್ಕು ಕಿಲೋ. ಒಂಬತ್ತು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದ್ದರಿಂದ ಬೇಬಿ ಎಂಬ ಹೆಸರು ಶಾಲೆಯ ದಾಖಲೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. ಪಕ್ಕದ ಮೇಜಿನಲ್ಲಿ ಕಾನ್‌ಸ್ಟೇಬಲ್ ಸುಹರಾಬಿ ಪೆನ್ನು ಹಿಡಿದು ಕೂತಿದ್ದಳು.

"ಎಷ್ಟು ಹೋಗಿದೆ?" ಎಂದರು ಇನ್‌ಸ್ಪೆಕ್ಟರ್.

"ಏನೂ ಹೋಗಿಲ್ಲ ಸಾರೇ. ಬಂದಿದೆ."

"ಏನ್ ಬಂದಿದೆ?"

"ದಿಮ್ಮಿ. ತೇಗದ್ದು. ಹನ್ನೊಂದು."

ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ಅಂದ್ರೆ ಯಾರೋ ನಿಮ್ಮ ಡಿಪೋಗೆ ನುಗ್ಗಿ ಹನ್ನೊಂದು ದಿಮ್ಮಿ ಇಟ್ಟು ಹೋಗಿದ್ದಾರೆ."

"ಹೂಂ."

"ಮತ್ತೆ ಖುಷಿಯಾಗಿರಿ."

"ಹೇಗೆ ಸಾರೇ ಖುಷಿಯಾಗೋದು? ಕಡಿಮೆ ಬಿದ್ರೆ ನಮಗೆ ದಾರಿ ಇದೆ. ಒಣಗಿ ಕುಗ್ಗಿತು ಅಂತ ಬರೀತೀವಿ. ಗೆದ್ದಲು ತಿಂತು ಅಂತ ಬರೀತೀವಿ. ನೆರೆ ಬಂದ್ರೆ ಹೊಳೆ ಒಯ್ತು ಅಂತ ಬರೀತೀವಿ. ಹೆಚ್ಚಾದ್ರೆ ಬರೆಯೋಕೆ ರಿಜಿಸ್ಟರಲ್ಲಿ ಕಾಲಮ್ಮೇ ಇಲ್ಲ!"

ಸುಹರಾಬಿ ಪೆನ್ನೆತ್ತಿ ಕೇಳಿದಳು: "ಸಾರೇ, ಇದನ್ನ ಯಾವ ಕಲಂ ಕೆಳಗೆ ಬರೀಲಿ?"

"ಮೊದಲು ಬರಿ. ಕಲಂ ಆಮೇಲೆ ತಾನಾಗೇ ಬರುತ್ತೆ."

ಸುಗತನ್ ಉಳಿದದ್ದನ್ನೂ ಹೇಳಿದರು. ಮರಕ್ಕೆ ಕೊಳ್ಳುವವರಿಲ್ಲದೆ ಇಲಾಖೆ ಕಡಿಯುವುದನ್ನೇ ಕಡಿಮೆ ಮಾಡಿದೆ. ಜನವರಿಯಲ್ಲಿ ಒಂದು ಸುತ್ತೋಲೆ ಬಂದಿದೆ: ಮಾರ್ಚ್ 31ರ ಹೊತ್ತಿಗೆ ವರ್ಷಕ್ಕೆ ಐನೂರು ಘನಮೀಟರ್ ಮರ ಬಾರದ ಡಿಪೋವನ್ನು ಮುಚ್ಚಿ, ಅರವತ್ತು ಕಿಲೋಮೀಟರ್ ಆಚೆಯ ದೊಡ್ಡ ಡಿಪೋಗೆ ಸೇರಿಸತಕ್ಕದ್ದು. ಕಳೆದ ಬುಧವಾರ ಮರುತಂಕಡವು ಡಿಪೋದ ಗೇಟಿನ ಹಲಗೆಯಲ್ಲಿ ಬರೆದಿದ್ದ ಲೆಕ್ಕ 494.3. ಇನ್ನು ಒಂದು ಕಡ್ಡಿಯೂ ಬರುವುದಿರಲಿಲ್ಲ.

"ಈಗ ಹನ್ನೊಂದನ್ನೂ ಸೇರಿಸಿದ್ರೆ?"

"500.5. ತೊಗಟೆ ಕಳೆದು."

"ಅರ್ಧ ಹೆಚ್ಚೇ ಇಟ್ಟಿದ್ದಾರೆ."

"ಅಳತೇಲಿ ಎಡವಬಾರದು ಅಂತ ಇರ್ಬೇಕು ಸಾರೇ. ತಿಳಿದೋರ ಕೆಲಸ."

"ಡಿಪೋ ಮುಚ್ಚಿದ್ರೆ ಯಾರಿಗೆ ನಷ್ಟ?"

ಸುಗತನ್ ಯೋಚಿಸಿದರು. "ನನಗೆ ವರ್ಗ ಆಗುತ್ತೆ. ಲೋಡಿಂಗ್‌ನವರು ಹದಿನಾಲ್ಕು ಜನ, ಅವರಿಗೆ ಪೇಟೇಲಿ ಸಿಮೆಂಟು ಮೂಟೆ ಇದೆ. ಇಲ್ಲಿ ದಿಮ್ಮಿ ಎಳೆಯೋ ಆನೆಗೆ ಮಾತ್ರ ಎಲ್ಲೂ ಏನೂ ಇಲ್ಲ."

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು. "ಇನ್ನೊಂದು ಸಾರೇ. ಏಳನೇ ರಾಶೀನ ಯಾರೋ ನೇರ ಮಾಡಿದ್ದಾರೆ. ಅದನ್ನೂ ದೂರಲ್ಲಿ ಸೇರಿಸಿಕೊಳ್ಳಿ."

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಖ್ಯೆ 61. ಅಕ್ರಮ ಪ್ರವೇಶ ಎಂದು ಬರೆದು ಉಳಿದ ಜಾಗವನ್ನು ಖಾಲಿ ಬಿಡಲಾಯಿತು.

*

11.50ಕ್ಕೆ ಇನ್‌ಸ್ಪೆಕ್ಟರ್ ಮತ್ತು ಸುಹರಾಬಿ ಡಿಪೋದಲ್ಲಿದ್ದರು. ಒಂದರಿಂದ ಆರನೇ ರಾಶಿಯವರೆಗೆ ದಿಮ್ಮಿಗಳು ಕ್ರೇನು ಉದುರಿಸಿದ ಹಾಗೆ ಬಿದ್ದಿದ್ದವು. ಒಂದರ ತಲೆ ಇತ್ತ, ಇನ್ನೊಂದರ ಬುಡ ಅತ್ತ. ಏಳನೇ ರಾಶಿ ಹಾಗಿರಲಿಲ್ಲ. ಐವತ್ತೊಂದು ದಿಮ್ಮಿಗಳು ಬುಡಕ್ಕೆ ಬುಡ ಸೇರಿಸಿ, ದಪ್ಪದ್ದು ಕೆಳಗೆ ತೆಳ್ಳಗಿನದು ಮೇಲೆ, ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಕೂತಿದ್ದವು. ಸುಹರಾಬಿ ಬುಡಗಳ ಮುಂದೆ ದಾರ ಹಿಡಿದು ನೋಡಿದಳು. ಎಲ್ಲವೂ ದಾರಕ್ಕೆ ತಾಗಿದವು.

"ಹೊಸ ಹನ್ನೊಂದು ಯಾವುವು?"

"ಮಧ್ಯೆ ಮಧ್ಯೆ ಸೇರಿಕೊಂಡಿವೆ. ಇದ್ದ ನಲವತ್ತನ್ನೂ ಬಿಚ್ಚಿ, ಗಾತ್ರ ನೋಡಿ ಜೋಡಿಸಿದ್ದಾರೆ. ಮುದ್ರೆಯಿಂದ ಗೊತ್ತಾಗುತ್ತೆ."

ಸರ್ಕಾರಿ ದಿಮ್ಮಿಯ ಬುಡಕ್ಕೆ ಮುದ್ರೆ ಸುತ್ತಿಗೆಯ ಒಂದೇಟು ಬಿದ್ದಿರಬೇಕು. ಸುತ್ತಿಗೆಯ ಮುಖದಲ್ಲಿ ಒಂದು ವೃತ್ತ, ಅದರೊಳಗೆ ಬಾಣ, ಬಾಣದ ಕೆಳಗೆ ಸುತ್ತಿಗೆಯ ನಂಬರು. ನಲವತ್ತರ ಮೇಲೆ 9 ಎಂದಿತ್ತು. ಹನ್ನೊಂದರ ಮೇಲೆ 4.

"ನಾಲ್ಕನೇ ನಂಬರ್ ಸುತ್ತಿಗೆ ಎಲ್ಲಿ?"

"ಪೆಟ್ಟಿಗೇಲಿ ಭದ್ರವಾಗಿದೆ. ಪ್ರತಿ ವರ್ಷ ತಪಾಸಣೆ ಆಗುತ್ತೆ."

ಕಬ್ಬಿಣದ ಪೆಟ್ಟಿಗೆ ತೆರೆಯಲಾಯಿತು. ಒಂಬತ್ತನೇ ನಂಬರು ಮೇಲೆಯೇ ಇತ್ತು. ಅದರ ಕೆಳಗೆ ಕಂದು ಕಾಗದದಲ್ಲಿ ಸುತ್ತಿ, ಅರಗು ಹಾಕಿ, ದಾರ ಕಟ್ಟಿದ ಪೊಟ್ಟಣ. ಕಾಗದದ ಮೇಲೆ ಇಪ್ಪತ್ತೆಂಟು ವರ್ಷಗಳ ಇಪ್ಪತ್ತೆಂಟು ಸಹಿ. ಕೊನೆಯ ಮೂರು ಸುಗತನ್ ಅವರದ್ದು.

"ಬಿಚ್ಚಿ."

ಬಿಚ್ಚಿದರು. ಒಳಗೆ ಮಸಾಲೆ ಅರೆಯುವ ಗುಂಡುಕಲ್ಲು.

ಸುಗತನ್ ಕಲ್ಲನ್ನು ಕೈಯಲ್ಲಿ ಎತ್ತಿ ತೂಗಿದರು. ಆಮೇಲೆ ಹೇಳಿದರು: "ತೂಕ ಸರಿಯಾಗೇ ಇತ್ತು ಸಾರೇ."

"ಬಿಚ್ಚಿ ನೋಡ್ಬೇಕು ಅನ್ನಿಸ್ಲೇ ಇಲ್ವಾ?"

"ಬಿಚ್ಚಿದ್ರೆ ಅರಗು ಒಡೆಯುತ್ತೆ. ಅರಗು ಯಾಕೆ ಒಡೆದೆ ಅಂತ ಮೆಮೋ ಬರುತ್ತೆ."

ಮಹಜರಿನಲ್ಲಿ ಹೀಗೆ ಬರೆಯಲಾಯಿತು: "ಗುಂಡುಕಲ್ಲು, ಒಂದು. ಬಳಕೆಯಲ್ಲಿ ಇದ್ದಂತೆ ಕಾಣುವುದಿಲ್ಲ." ಸುಗತನ್ ಸಹಿ ಹಾಕಿದರು. ಆ ಕಲ್ಲಿಗೆ ಅವರದು ನಾಲ್ಕನೆಯ ಸಹಿ.

ಕಾವಲುಗಾರನನ್ನು ಕರೆದು ಕೇಳಿದರು. ಶನಿವಾರ ರಾಶಿ ಎಣಿಸುವಾಗಲೇ ವಿಷಯ ಗೊತ್ತಾದದ್ದು. ಬುಧವಾರ ಸಂಜೆ ಸರಿಯಾಗಿತ್ತು. ಶುಕ್ರವಾರ ಎಲ್ಲರೂ ಕೆಲಸದಲ್ಲಿದ್ದರು. ಉಳಿದದ್ದು ಗುರುವಾರ, 14ನೇ ತಾರೀಖು. ಅಂದು ಹರತಾಳ, ಡಿಪೋ ಬಂದ್, ಅಂಗಡಿ ಬಂದ್, ಬಸ್ಸು ಬಂದ್.

"ಗುರುವಾರ ಎಲ್ಲಿದ್ದೆ?"

"ಗೇಟಲ್ಲೇ ಸಾರೇ. ಕುರ್ಚೀಲಿ. ಕದಲಿಲ್ಲ."

"ಏನಾದ್ರೂ ಕೇಳಿಸ್ತಾ?"

"ಕೇಳಿಸ್ತು. ಹಿಂದುಗಡೆ ದಿಮ್ಮಿ ಎಳೆಯೋ ಸದ್ದು. ಬೆಳಗಿಂದ ಸಂಜೆ ತನಕ."

"ತಿರುಗಿ ನೋಡ್ಲಿಲ್ವಾ?"

"ದಿಮ್ಮಿ ಹೊರಗೆ ಹೋಗದೇ ಇರೋ ಹಾಗೆ ನೋಡ್ಕೋ ಅಂತ ನನಗೆ ಸಂಬಳ. ಒಂದೂ ಹೋಗ್ಲಿಲ್ಲ."

*

13.15. ಡಿಪೋದ ಎದುರಿನ ಚಹಾದಂಗಡಿ. ಪುಟ್ಟು ಮುಗಿದಿತ್ತು, ಕಡಲೆ ಮಾತ್ರ ಇತ್ತು. ಲೋಡಿಂಗ್ ಕಾರ್ಮಿಕರ ಮುಖಂಡ ಸೈದಾಲಿ ತಲೆಗೆ ಟವೆಲ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ. ಪೊಲೀಸರನ್ನು ಕಂಡು ತಾನೇ ಶುರು ಮಾಡಿದ.

"ಸಾರೇ, ನಾವೇ ಠಾಣೆಗೆ ಬರೋರಿದ್ವಿ. ಹರತಾಳದ ದಿನ ಕೆಲಸ ಮಾಡಿದವನ ಮೇಲೆ ಆ್ಯಕ್ಷನ್ ತಗೊಳ್ಳಿ."

"ಯಾರು ಕೆಲಸ ಮಾಡಿದ್ದು?"

"ಕುಟ್ಟಿಶಂಕರನ್."

"ಯಾವ ಕುಟ್ಟಿಶಂಕರನ್?"

"ಆನೆ ಸಾರೇ. ಅನ್ನಮ್ಮ ಚೇಡತ್ತಿಯ ಆನೆ. ಹಗಲು ಹೊತ್ತಲ್ಲಿ, ನಡು ರಸ್ತೇಲಿ, ನಮ್ಮ ಬಾವುಟದ ಮುಂದೆ ದಿಮ್ಮಿ ಎಳ್ಕೊಂಡು ಹನ್ನೊಂದು ಸಲ ಹೋದ. ನಾವು ಘೋಷಣೆ ಕೂಗಿದ್ವಿ. ಅವನು ಕಿವಿ ಬೀಸ್ಕೊಂಡು ಹೋದ."

"ತಡೀಲಿಲ್ವಾ?"

ಸೈದಾಲಿ ಇನ್‌ಸ್ಪೆಕ್ಟರನ್ನು ನೋಡಿದ. "ನೀವು ತಡೀತಿದ್ರಾ?"

"ಎಷ್ಟು ಜನ ನೋಡಿದ್ರು?"

"ಊರೇ ನೋಡಿದೆ. ಹರತಾಳ ಅಲ್ವಾ, ಎಲ್ರೂ ಜಗಲೀಲಿ ಕೂತಿದ್ರು."

"ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳೋದು? ಆನೆ ದಿಮ್ಮಿ ಎಳ್ಕೊಂಡು ಡಿಪೋಗೆ ಹೋಯ್ತು ಅಂತಾನಾ? ನಲವತ್ತು ವರ್ಷದಿಂದ ಹೋಗ್ತಿದೆ. ದಿಮ್ಮಿ ಎಳ್ಕೊಂಡು ಡಿಪೋದಿಂದ ಆಚೆ ಬಂದಿದ್ರೆ ಅವತ್ತೇ ಹೇಳ್ತಿದ್ವಿ."

ಶನಿವಾರ ಸಂಘದವರು ಸಭೆ ಸೇರಿ ಆನೆಯ ವಿರುದ್ಧ ಖಂಡನಾ ನಿರ್ಣಯ ಅಂಗೀಕರಿಸಿದ್ದರು. ಹದಿಮೂರು ಪರ, ಒಂದು ತಟಸ್ಥ. ಪ್ರತಿಯನ್ನು ಸುಹರಾಬಿ ಕೇಸಿನ ಫೈಲಿಗೆ ಸೇರಿಸಿದಳು.

"ತಟಸ್ಥ ಇದ್ದವರು ಯಾರು?" ಎಂದು ಕೇಳಿದಳು.

ಸೈದಾಲಿ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ. "ನಾನೇ. ಡಿಪೋ ಮುಚ್ಚಿದ್ರೆ ನಮಗೆ ಸಿಮೆಂಟ್ ಇದೆ ಇತ್ತ. ಅವನಿಗೆ ಏನಿದೆ, ಹೇಳು."

ಇತ್ತ ಎಂದರೆ ಅಕ್ಕ. ಸುಹರಾಬಿ ಅವನಿಗಿಂತ ಹದಿನೆಂಟು ವರ್ಷ ಚಿಕ್ಕವಳು. ಸಮವಸ್ತ್ರ ತೊಟ್ಟ ದಿನದಿಂದ ಊರಿಗೆಲ್ಲ ಅಕ್ಕನೇ.

*

ಮಾರ್ಚ್ 19, ಮಂಗಳವಾರ, 10.40. ದಿಮ್ಮಿ ಎಲ್ಲಿಂದ ಬಂತೆಂದು ತಿಳಿಯಲು ಇಬ್ಬರೂ ಬೀರಾನ್ ಹಾಜಿಯ ಸಾಮಿಲ್ಲಿಗೆ ಹೋದರು. ಈ ಸುತ್ತಿನಲ್ಲಿ ಯಾರ ಹಿತ್ತಿಲಲ್ಲಿ ಎಷ್ಟು ತೇಗ ನಿಂತಿದೆ ಎಂದು ಹಾಜಿಗೆ ಬಾಯಿಪಾಠ. ಮಿಲ್ಲಿನ ಗರಗಸ ನಿಂತಿತ್ತು. ಅದರ ಮೇಲೆ ಕೋಳಿಯೊಂದು ಮೊಟ್ಟೆಗೆ ಕೂತಿತ್ತು. ಹಾಜಿ ಹೊಸ ಬಾಗಿಲುಗಳ ಸಾಲಿನ ನಡುವೆ ಕುರ್ಚಿ ಹಾಕಿಕೊಂಡಿದ್ದರು.

"ಒಳ್ಳೆ ತೇಗ," ಎಂದು ಇನ್‌ಸ್ಪೆಕ್ಟರ್ ಒಂದು ಬಾಗಿಲು ತಟ್ಟಿದರು. ಅದು ಠಣ್ ಎಂದಿತು.

"ತಗಡು," ಎಂದರು ಹಾಜಿ. "ತೇಗದ ಗೆರೆ ಅಚ್ಚು ಹಾಕಿದ್ದಾರೆ. ಗಂಟು ಕೂಡ ಇದೆ ನೋಡಿ, ಇಲ್ಲಿ. ಗಂಟಿಲ್ಲದಿದ್ರೆ ಜನ ನಂಬಲ್ಲ."

"ಮರ ಕುಯ್ಯೋದು ಬಿಟ್ರಾ ಹಾಜ್ಯಾರೇ?"

"ಕುಯ್ಯಲಿಕ್ಕೆ ತಂದ್ರೆ ಕುಯ್ತೇನೆ. ಆಫ್ರಿಕಾದ ಮರ ಹಡಗಲ್ಲಿ ಬಂದು, ಲಾರಿ ಹತ್ತಿ, ಇಲ್ಲಿ ತನಕ ಬಂದ್ರೂ ನಮ್ಮ ಹೊಳೆದಂಡೆ ಮರಕ್ಕಿಂತ ಅಗ್ಗ. ಅದಕ್ಕಿಂತ ಅಗ್ಗ ಹುಡಿ ಒತ್ತಿದ ಹಲಗೆ. ಅದಕ್ಕಿಂತ ಅಗ್ಗ ಈ ತಗಡು. ಇನ್ನು ಬಾಗಿಲ ಚಿತ್ರ ಬರೆದು ಗೋಡೆಗೆ ಅಂಟಿಸೋದೊಂದು ಬಾಕಿ."

"ಡಿಪೋ ಹರಾಜಿಗೆ ಹೋಗ್ತೀರಾ?"

"ಹೋಗ್ತೇನೆ. ಹೋದ ಸಲ ಮೂರೇ ಜನ. ನಾನು, ಮಂಜೇರಿಯವನೊಬ್ಬ, ಮಳೆ ಅಂತ ಒಳಗೆ ಬಂದವನೊಬ್ಬ. ಮೂರನೆಯವನು ಆಕಳಿಸಲಿಕ್ಕೆ ಕೈ ಎತ್ತಿದ. ಸುಗತನ್ ಅವನಿಗೇ ಒಂದು ರಾಶಿ ಕೊಟ್ಟುಬಿಡೋನಿದ್ದ."

"ಈ ತಿಂಗಳು ಹಿತ್ತಿಲ ತೇಗ ಯಾರು ಕಡಿದ್ರು?"

ಹಾಜಿ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿದರು. "ಯಾರೂ ಮಾರಲಿಲ್ಲ."

"ಯಾರು ಮಾರಿದ್ರು ಅಂತ ಕೇಳ್ಲಿಲ್ಲ. ಯಾರು ಕಡಿದ್ರು ಅಂತ ಕೇಳ್ದೆ."

"ಬೇಬಿ ಸಾರೇ, ನನಗೆ ಎಪ್ಪತ್ತಾರು. ಇದು ರಂಜಾನ್ ತಿಂಗಳು, ಸುಳ್ಳು ಹೇಳೋ ಹಾಗಿಲ್ಲ. ಅದಕ್ಕೇ ನನಗೆ ಈಗ ಕಿವಿ ಕೇಳಿಸ್ತಿಲ್ಲ."

ಹೇಳಿಕೆ ಅಲ್ಲಿಗೆ ಮುಗಿಯಿತು.

*

ಮಾರ್ಚ್ 20, ಬುಧವಾರ, 8.30. ಡಿಪೋದ ಹೊಳೆಬದಿ. ಕೆಸರಿನ ಮೂಲೆಗೆ ಕ್ರೇನು ಇಳಿಯುವುದಿಲ್ಲ. ಅಲ್ಲಿಂದ ಕ್ರೇನಿನ ತನಕ ದಿಮ್ಮಿ ಎಳೆದು ಕೊಡುವುದಷ್ಟೇ ಈಗ ಕುಟ್ಟಿಶಂಕರನ ಕೆಲಸ. ವಾರಕ್ಕೆ ಮೂರು ದಿನ. ಎರಡು ವರ್ಷದ ಹಿಂದೆ ಕ್ರೇನು ಬರುವ ತನಕ ರಾಶಿ ಒಟ್ಟುವುದೂ ಅವನದೇ ಆಗಿತ್ತು. ಅರವತ್ತೊಂದು ವರ್ಷದ ಗಂಡಾನೆ. ದಂತವಿಲ್ಲ. ದಂತವಿಲ್ಲದ ಆನೆಯನ್ನು ಉತ್ಸವಕ್ಕೆ ಯಾರೂ ಕರೆಯುವುದಿಲ್ಲ.

ಹಿಂಬದಿಯಲ್ಲಿ ಆನೆಯ ದಾರಿಗೆ ಬೀಗವಿಲ್ಲ. ಅಡ್ಡಕ್ಕೊಂದು ದಪ್ಪ ಮರ ಹಾಕಿದ್ದಾರೆ. ಅದನ್ನೆತ್ತಲು ಎಂಟು ಜನ ಬೇಕು, ಇಲ್ಲವೇ ಒಂದು ಆನೆ.

ಮಾವುತ ಕೇಲುವನ್ನು ವಿಚಾರಿಸಲಾಯಿತು. ಐವತ್ತೈದರ ಒಣಕಲು ಮನುಷ್ಯ, ಕಿವಿಯಲ್ಲಿ ಬೀಡಿ.

"ಹದಿನಾಲ್ಕನೇ ತಾರೀಖು ಎಲ್ಲಿದ್ದೆ ಕೇಲುವಣ್ಣಾ?"

"ಆನೆ ಮೇಲೆ."

"ಆನೆ ಎಲ್ಲಿತ್ತು?"

"ನನ್ನ ಕೆಳಗೆ."

"ದಿಮ್ಮಿ ಎಳೆದದ್ದು ಯಾರು?"

"ನಾನೇ. ಕಡಿದದ್ದೂ ನಾನೇ. ಮುದ್ರೆ ಹೊಡೆದದ್ದೂ ನಾನೇ. ಎಲ್ಲ ನಾನೇ. ಬರ್ಕೊಳ್ಳಿ, ಕೈಗೆ ಕೋಳ ಹಾಕಿ, ಹೋಗೋಣ."

"ಮುದ್ರೆ ಸುತ್ತಿಗೆ ಎಲ್ಲಿದೆ?"

ಕೇಲು ಬೀಡಿಯನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದ. "ಹೊಳೆಗೆ ಎಸೆದೆ."

"ಅದರ ನಂಬರ್ ಎಷ್ಟು?"

"ಓದಲಿಕ್ಕೆ ಬರಲ್ಲ."

"ಮತ್ತೆ ಮುದ್ರೆ ಹೊಡೆದವರಿಗೆ ತಲೆಕೆಳಗು ಯಾವುದು ಅಂತ ಗೊತ್ತಿತ್ತು. ಹನ್ನೊಂದೂ ನೆಟ್ಟಗಿವೆ."

ಕೇಲು ಹೊಳೆಯ ಕಡೆ ತಿರುಗಿದ. ಆನೆ ಸೊಂಡಿಲಿಂದ ಅವನ ಕಿವಿಯ ಬೀಡಿ ತೆಗೆದು ಬಾಯಿಗೆ ಹಾಕಿಕೊಂಡಿತು.

"ರಾಶಿ ನೇರ ಮಾಡು ಅಂತ ನೀನೇ ಹೇಳಿದ್ಯಾ?"

"ಇಲ್ಲ ಸಾರೇ," ಎಂದ ಕೇಲು. ಈ ಮಾತನ್ನು ಮಾತ್ರ ನಿಜವಾದ ಸಂಕಟದಿಂದ ಹೇಳಿದ. "ಕ್ರೇನು ಹಾಕಿದ ಹಾಗೇ ಅಡ್ಡಾದಿಡ್ಡಿ ಹಾಕೋ ಅಂತ ಕೈಮುಗಿದೆ. ಹಾಕಿದ. ನಾಲ್ಕು ಹೆಜ್ಜೆ ಹೋದ. ತಿರುಗಿ ನೋಡಿದ. ಆಮೇಲೆ ವಾಪಸ್ ಬಂದು ಎಲ್ಲ ಬಿಚ್ಚಿ ಮೊದಲಿಂದ ಶುರು ಮಾಡಿದ. ಎರಡು ವರ್ಷದಿಂದ ಆ ರಾಶಿ ನೋಡಿ ನೋಡಿ ಅವನಿಗೆ ತಡೆಯೋಕಾಗ್ತಿರಲಿಲ್ಲ. ಸಂಜೆ ತನಕ ಕಾದೆ. ನಾನೇನ್ ಮಾಡ್ಲಿ?"

ಗುರುತು ಪತ್ತೆ ನಡೆಸಲು ಇನ್‌ಸ್ಪೆಕ್ಟರ್ ನಿರ್ಧರಿಸಿದರು. 9.10ಕ್ಕೆ ಕ್ರೇನಿನಿಂದ ಒಂದು ದಿಮ್ಮಿಯನ್ನು ಏಳನೇ ರಾಶಿಯ ಮೇಲೆ ಓರೆಯಾಗಿ ಇಡಿಸಿದರು. 9.12ಕ್ಕೆ ಆನೆಯನ್ನು ಆ ದಾರಿಯಾಗಿ ಸುಮ್ಮನೆ ನಡೆಸಲಾಯಿತು. ಆನೆ ರಾಶಿ ದಾಟಿ ಹೋಯಿತು. ನಿಂತಿತು. ಹಿಂದಕ್ಕೆ ಬಂದು ಹಣೆಯಿಂದ ಒತ್ತಿ ದಿಮ್ಮಿಯನ್ನು ನೇರ ಮಾಡಿತು. ಸುಹರಾಬಿ ದಾರ ಹಿಡಿದಳು. ತಾಗಿತು.

ಆನೆ ಅಷ್ಟಕ್ಕೇ ಬಿಡಲಿಲ್ಲ. ಗೇಟಿನ ಬಳಿ ಠಾಣೆಯ ಜೀಪು ಓರೆಯಾಗಿ ನಿಂತಿತ್ತು. ಆನೆ ಅದರ ಹಿಂಬದಿಗೆ ಹೋಗಿ, ಸದ್ದಿಲ್ಲದೆ ಒತ್ತಿ, ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿತು. ಡ್ರೈವರ್ ಒಳಗೇ ಇದ್ದ. ಪೇಪರ್ ಓದುತ್ತಿದ್ದವನು ಪುಟ ತಿರುಗಿಸಿದ.

ಠಾಣೆಯ ದಿನಚರಿ, 10.05: "ಸಂಶಯಿತ ಆನೆಯ ಕೆಲಸದ ರೀತಿ ಘಟನಾ ಸ್ಥಳದ ರೀತಿಗೆ ಹೊಂದುತ್ತದೆ. ಜೀಪಿಗೆ ಹಾನಿ ಇಲ್ಲ."

*

ಅದೇ ದಿನ 16.00. ಅನ್ನಮ್ಮ ಚೇಡತ್ತಿಯ ಹಿತ್ತಿಲು ಡಿಪೋದಿಂದ ಮುಕ್ಕಾಲು ಕಿಲೋಮೀಟರ್. ಅರವತ್ತೊಂಬತ್ತು ವರ್ಷದ ವಿಧವೆ; ಚೇಡತ್ತಿ ಎಂಬುದು ಹಿರಿಯ ಕ್ರೈಸ್ತ ಹೆಂಗಸರನ್ನು ಕರೆಯುವ ಮಾತು. ಮೈಗೆ ಬಿಳಿ ಚಟ್ಟೆ ರವಿಕೆ, ಸೊಂಟಕ್ಕೆ ಬಿಳಿ ಮುಂಡು, ಕಿವಿಯಲ್ಲಿ ತೂಗುವ ಬಳೆಯಂಥ ಬಂಗಾರದ ಓಲೆ. ಗಂಡ ಔಸೇಪ್ ಒಂದು ಕಾಲದಲ್ಲಿ ಹೊಳೆಯ ಎರಡೂ ಕಡೆಯ ಮರದ ಗುತ್ತಿಗೆದಾರ. ಆಗ ಮನೆಯಲ್ಲಿ ಆರು ಆನೆಗಳಿದ್ದವು. ಈಗ ಒಂದು.

"ಬಾ ಮೋನೇ, ಕೂತ್ಕೋ. ನಿಮ್ಮಪ್ಪ ತರಿಯಚ್ಚನ್ ಇದೇ ಅಂಗಳದಲ್ಲಿ ಕೂತು ಚಹಾ ಕುಡೀತಿದ್ದ. ನಿನ್ನಷ್ಟೇ ದಪ್ಪ." ಚೇಡತ್ತಿಗೆ ಊರಿನ ಗಂಡಸರೆಲ್ಲ ಮೋನೇ, ಅಂದರೆ ಮಗ; ಹೆಂಗಸರೆಲ್ಲ ಮೋಳೇ, ಅಂದರೆ ಮಗಳು.

ನೆರಳಲ್ಲಿ ಸಾಲಾಗಿ ಮೋಟು ಪೀಠಗಳಿದ್ದವು. ಪ್ರತಿಯೊಂದರ ಮೇಲೆ ಚಾಪೆ, ಚಾಪೆಯ ಮೇಲೆ ಒಣಗಲು ಹಾಕಿದ ಕರಿಮೆಣಸು. ಚೇಡತ್ತಿ ಒಂದರ ಮೇಲಿನ ಮೆಣಸನ್ನು ಸರಿಸಿದರು. ಇನ್‌ಸ್ಪೆಕ್ಟರ್ ಕೂತರು.

"ಐವತ್ತು ದಿನದ ನೋಂಬು, ಮನೇಲಿ ಮೀನೂ ಇಲ್ಲ, ಮಾಂಸವೂ ಇಲ್ಲ. ಕಪ್ಪು ಚಹಾ, ತಾಳೆ ಬೆಲ್ಲ. ಮೋಳೇ, ನಿನಗೂ ವ್ರತ ಇರ್ಬೇಕಲ್ಲ?"

"ಹೂಂ ಚೇಡತ್ತಿ," ಎಂದಳು ಸುಹರಾಬಿ. "ಸಂಜೆ ತನಕ ಏನೂ ಇಲ್ಲ."

ಉಪವಾಸದವಳಿಗೆ ತಿನ್ನುವ ಕೆಲಸವಿಲ್ಲದ ಕಾರಣ ನೋಡುವ ಕೆಲಸ ಮಾಡಿದಳು. ಚಹಾದ ಲೋಟದತ್ತ ಬಾಗಲು ಇನ್‌ಸ್ಪೆಕ್ಟರ್ ಪೀಠವನ್ನು ಮುಂದಕ್ಕೆ ಎಳೆದರು. ಪೀಠ ಬರಲಿಲ್ಲ. ಇನ್ನೊಮ್ಮೆ ಎಳೆದರು. ತೊಂಬತ್ತನಾಲ್ಕು ಕಿಲೋ ಎಳೆದರೂ ಬಾರದ ಪೀಠ. ಸುಹರಾಬಿ ಚಾಪೆಗಳನ್ನು ಎಣಿಸಿದಳು. ಹನ್ನೊಂದು.

"ಸಾರೇ," ಎಂದಳು ಮೆಲ್ಲಗೆ. "ನೀವು ತೊಂಡಿ ಮೇಲೆ ಕೂತಿದ್ದೀರಿ." ತೊಂಡಿ ಎಂದರೆ ಕೇಸಿನಲ್ಲಿ ಸಾಕ್ಷ್ಯವಾಗುವ ವಸ್ತು.

ಇನ್‌ಸ್ಪೆಕ್ಟರ್ ಎದ್ದು ಚಾಪೆ ಎತ್ತಿದರು. ಹೊಸದಾಗಿ ಕುಯ್ದ ತೇಗದ ಬುಡ. ಕುಯ್ದ ಜಾಗದ ಬಣ್ಣ ಇನ್ನೂ ಮಾಸಿರಲಿಲ್ಲ. ಚಾಪೆಯನ್ನು ಮತ್ತೆ ಹಾಕಿ, ಮತ್ತೆ ಅಲ್ಲೇ ಕೂತರು. ಚಹಾ ಅರ್ಧ ಉಳಿದಿತ್ತು.

"ಚೇಡತ್ತಿ, ಮರ ಯಾವಾಗ ಕಡಿಸಿದ್ರಿ?"

"ಬೆಲ್ಲ ತಗೋ ಮೋನೇ."

ಬಟ್ಟಲಲ್ಲಿ ದೊಡ್ಡ ಅಚ್ಚನ್ನು ಒಡೆದ ತುಂಡುಗಳಿದ್ದವು. ಇನ್‌ಸ್ಪೆಕ್ಟರ್ ಒಂದನ್ನು ಬಾಯಿಗೆ ಹಾಕಿಕೊಂಡರು. ಇನ್ನೊಂದನ್ನು ಎತ್ತುವಾಗ ಸುಹರಾಬಿ ಅವರ ಕೈ ಹಿಡಿದಳು. ಬೆಲ್ಲದ ಮೇಲೆ ಒಂದು ವೃತ್ತ, ವೃತ್ತದೊಳಗೆ ಬಾಣ, ಬಾಣದ ಕೆಳಗೆ 4.

"ಬೆಲ್ಲ ಯಾವುದರಲ್ಲಿ ಒಡೀತೀರಿ ಚೇಡತ್ತಿ?"

"ಸುತ್ತಿಗೇಲಿ. ಮತ್ತೆ ಹಲ್ಲಲ್ಲಿ ಒಡೀಲಾ?" ಚೇಡತ್ತಿ ಒಳಗೆ ಹೋಗಿ ತಂದರು. ಮುಂಡಿನ ಅಂಚಿನಿಂದ ಒರೆಸಿ ಕೊಟ್ಟರು. "ತೊಂಬತ್ತಾರರ ನೆರೇಲಿ ಡಿಪೋ ಮುಳುಗಿತ್ತಲ್ಲ, ಆಗ ಮರಳಲ್ಲಿ ಔಸೇಪ್‌ಗೆ ಸಿಕ್ಕಿತು. ವಾಪಸ್ ಕೊಡಲಿಕ್ಕೆ ಹೋದ. ಆಗಿದ್ದ ಅಧಿಕಾರಿ ಕಾಲು ಹಿಡ್ಕೊಂಡ. ಸುತ್ತಿಗೆ ಭದ್ರವಾಗಿದೆ ಅಂತ ಮೇಲಕ್ಕೆ ಬರೆದಾಗಿದೆ, ಈಗ ಸಿಕ್ಕಿತು ಅಂದ್ರೆ ಕೆಲಸ ಹೋಗುತ್ತೆ ಅಂದ. ಹಾಗಾಗಿ ಮನೇಲೇ ಉಳೀತು. ಬೆಲ್ಲಕ್ಕೆ ತುಂಬ ಒಳ್ಳೇದು."

ಸುತ್ತಿಗೆ ಒಂದು, ಮುದ್ರೆ ಬಿದ್ದ ಬೆಲ್ಲ ಎರಡು ತುಂಡು ಎಂದು ಮಹಜರಿನಲ್ಲಿ ಬರೆಯಲಾಯಿತು. ವಾಸ್ತವದಲ್ಲಿ ಮೂರಿದ್ದವು. ಮೂರನೆಯದರ ಬಗ್ಗೆ ಇನ್‌ಸ್ಪೆಕ್ಟರ್ ಏನೂ ಹೇಳಲಿಲ್ಲ, ಬಾಯಿ ತುಂಬಿತ್ತು.

*

ಮಾರ್ಚ್ 21, ಗುರುವಾರ, 11.00. ಠಾಣೆಯಲ್ಲಿ ಅನ್ನಮ್ಮ ಚೇಡತ್ತಿಯ ಹೇಳಿಕೆ.

"ಕಡಿದವರು ಯಾರು?"

"ನನ್ನ ಮರ, ನನ್ನ ಕೂಲಿಯವರು. ಅವರ ಹೆಸರು ನನಗೆ ಮರೆತಿದೆ."

"ಮರ ಮಾರಿ ಆ ದುಡ್ಡಲ್ಲಿ ಆನೆ ಸಾಕಬಹುದಿತ್ತು."

"ಹಾಜಿ ಹೇಳಿದ ಬೆಲೆಗೆ ಎಂಟು ತಿಂಗಳು ಸಾಕಬಹುದು. ಅದೂ ಕೂತು ತಿನ್ನಿಸಬೇಕು. ಅವನು ಕೂತು ತಿನ್ನೋನಲ್ಲ."

"ಅಂದ್ರೆ?"

ಚೇಡತ್ತಿ ಮುಂಡಿನ ಅಂಚನ್ನು ಸರಿಮಾಡಿಕೊಂಡರು. "ಆ ಕೊರೋನಾ ವರ್ಷ ಡಿಪೋ ಮುಚ್ಚಿತ್ತಲ್ಲ, ಎರಡು ತಿಂಗಳು. ಮೊದಲ ವಾರ ದಾರಿ ನೋಡಿದ. ಎರಡನೇ ವಾರ ಹಿತ್ತಿಲ ಕಲ್ಲುಗೋಡೆ ಬಿಚ್ಚಿ ಮತ್ತೆ ಕಟ್ಟಿದ. ಮೊದಲಿಗಿಂತ ಚೆನ್ನಾಗೇ ಕಟ್ಟಿದ. ಮೂರನೇ ವಾರ ಪಕ್ಕದ ಮನೆಯವರ ಸ್ಕೂಟರ್, ಬೈಕು, ಆಟೋ ಎಲ್ಲ ತಂದು ಗಾತ್ರದ ಪ್ರಕಾರ ನಿಲ್ಲಿಸಿದ. ಜನ ಗಲಾಟೆ ಮಾಡಿದ್ರು. ಸರಪಳಿ ಹಾಕಿದ್ವಿ. ಸರಪಳಿ ಹಾಕಿದ ಮೇಲೆ ಅವನು ತಾಳೆಗರಿ ಮುಟ್ಟಲೇ ಇಲ್ಲ. ಮುಂದೆ ಇಟ್ಟ ಗರಿಗಳನ್ನ ನೇರ ಮಾಡಿ ಇಟ್ಟು ಸುಮ್ಮನೆ ನಿಲ್ತಿದ್ದ. ಎಲುಬು ಕಾಣೋ ಹಾಗಾಯ್ತು. ಕೇಲು ದಿನಾ ಅಳ್ತಿದ್ದ. ಡಿಪೋ ತೆರೆದ ದಿನ ಒಂದು ದಿಮ್ಮಿ ಎಳೆದು ಬಂದ, ಎರಡು ಬುಟ್ಟಿ ಅನ್ನ ತಿಂದ."

ಸುಹರಾಬಿ ಬರೆಯುತ್ತಿದ್ದಳು.

"ಔಸೇಪ್ ಸಾಯೋವಾಗ ಐದು ಆನೆ ಮಾರಿದ್ದ. ಇವನನ್ನ ಮಾರ್ಬೇಡ ಅಂದ. ದಂತ ಇಲ್ಲ, ಯಾರೂ ಪ್ರೀತಿಯಿಂದ ಕೊಳ್ಳಲ್ಲ ಅಂದ. ಇನ್ನು ನಾಲ್ಕೇ ವರ್ಷ ಮೋನೇ. ಅರವತ್ತೈದಕ್ಕೆ ಕೆಲಸದಾನೆಗೆ ರಿಟೈರ್ ಅಂತ ನಿಯಮ ಇದೆ. ಆಮೇಲೆ ಸರ್ಕಾರದ ಡಾಕ್ಟರು ಬಂದು ಹೇಳ್ತಾನೆ, ಇನ್ನು ಬೇಡ ಅಂತ. ಹೊರಗಿನವರು ಬಂದು ಹೇಳಿದ್ರೆ ಅವನು ಕೇಳ್ತಾನೆ. ನಮ್ಮ ಮಾತು ಕೇಳಲ್ಲ."

11.50ಕ್ಕೆ ಬಂಧನ ದಾಖಲಾಯಿತು. ಸರ್ಕಾರಿ ಮುದ್ರೆ ಸುತ್ತಿಗೆಯನ್ನು ಅನಧಿಕೃತವಾಗಿ ಇಟ್ಟುಕೊಂಡದ್ದು, ಖಾಸಗಿ ಮರಕ್ಕೆ ಸರ್ಕಾರಿ ಮುದ್ರೆ ಹೊಡೆದದ್ದು. ಎಫ್‌ಐಆರಿನ ಖಾಲಿ ಜಾಗ ತುಂಬಿತು. 12.10ಕ್ಕೆ ಠಾಣೆಯಲ್ಲೇ ಜಾಮೀನು. ಹೊರಗೆ ಕೇಲು ಆನೆಯ ಜೊತೆ ಕಾಯುತ್ತಿದ್ದ. ಅಷ್ಟರಲ್ಲಿ ಠಾಣೆಯ ಅಂಗಳದಲ್ಲಿದ್ದ ಜಪ್ತಿ ಬೈಕುಗಳೆಲ್ಲ ಒಂದು ಸಾಲಿಗೆ ಬಂದಿದ್ದವು.

ಉಳಿದದ್ದು ತೊಂಡಿಯ ವಿಷಯ. ಹನ್ನೊಂದು ದಿಮ್ಮಿ ನಲವತ್ತರ ನಡುವೆ ಸೇರಿವೆ. ಒಂದನ್ನು ತೆಗೆದರೆ ರಾಶಿ ಹೋಗುತ್ತದೆ, ರಾಶಿ ಹೋದರೆ ಸಾಕ್ಷ್ಯ ಹೋಗುತ್ತದೆ. ಇನ್‌ಸ್ಪೆಕ್ಟರ್ ತಮ್ಮ ಕೈಯಾರೆ ನ್ಯಾಯಾಲಯಕ್ಕೆ ವರದಿ ಬರೆದರು. ಅಷ್ಟು ನಿಧಾನವಾಗಿ ಅವರು ಬರೆದದ್ದನ್ನು ಸುಹರಾಬಿ ಅದುವರೆಗೆ ಕಂಡಿರಲಿಲ್ಲ. 27ನೇ ತಾರೀಖು ಮ್ಯಾಜಿಸ್ಟ್ರೇಟರ ಆದೇಶ ಬಂತು: ಏಳನೇ ರಾಶಿ ಪ್ರಕರಣ ಮುಗಿಯುವ ತನಕ ಇದ್ದಲ್ಲೇ ಇರತಕ್ಕದ್ದು. ಡಿಪೋದಲ್ಲಿ ಜವಾಬ್ದಾರಿಯ ಅಧಿಕಾರಿ ಇರತಕ್ಕದ್ದು. ಗೆದ್ದಲು ಹಿಡಿಯದಂತೆ ಆಗಾಗ ಹೊರಳಿಸತಕ್ಕದ್ದು. ಕ್ರೇನಿನ ಉಕ್ಕಿನ ಹಗ್ಗದಿಂದ ಮುದ್ರೆ ಅಳಿಸುವ ಭಯ ಇರುವುದರಿಂದ ಆ ಕೆಲಸಕ್ಕೆ ಆನೆಯನ್ನೇ ಬಳಸತಕ್ಕದ್ದು. ಕೃತ್ಯಕ್ಕೆ ಬಳಸಿದ ಆನೆಯನ್ನು ಠಾಣಾ ಸರಹದ್ದಿನಿಂದ ಆಚೆಗೆ ಸಾಗಿಸಕೂಡದು.

ಮಾರ್ಚ್ 31ರಂದು ಇಲಾಖೆ ಸುತ್ತೋಲೆಯ ಪ್ರಕಾರ ಲೆಕ್ಕ ಹಾಕಿತು. ತೊಂಡಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಆದ್ದರಿಂದ 494.3. ತೊಂಡಿ ಇರುವ ಡಿಪೋವನ್ನು ಮುಚ್ಚುವಂತಿಲ್ಲ, ಆದ್ದರಿಂದ ಮುಚ್ಚಲಿಲ್ಲ. ಸುಗತನ್ ರಿಜಿಸ್ಟರಿನಲ್ಲಿ ಸ್ಕೇಲು ಹಿಡಿದು ಒಂದು ಹೊಸ ಕಾಲಮ್ ಎಳೆದರು.

ಇನ್‌ಸ್ಪೆಕ್ಟರ್ ಆದೇಶದ ಪ್ರತಿ ಕೊಡಲು ಹೋದಾಗ ಚೇಡತ್ತಿ ಕೇಳಿದರು: "ಕೇಸು ಎಷ್ಟು ವರ್ಷ ನಡೆಯುತ್ತೆ ಮೋನೇ?"

"ಹತ್ತು, ಹನ್ನೆರಡು."

"ಅಷ್ಟು ಬೇಕಿಲ್ಲ."

"ಚೇಡತ್ತಿ, ಒಂದು ಕೇಳ್ಲಾ? ಇದು ಹೀಗೇ ಆಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ನನಗೆ ಕಾನೂನು ಎಲ್ಲಿ ಗೊತ್ತು? ಎಪ್ಪತ್ತೊಂಬತ್ತರಲ್ಲಿ ಔಸೇಪ್ ಎರಡು ದಿಮ್ಮಿಗಾಗಿ ಒಂದು ದಾವೆ ಹೂಡಿದ್ದ. ಆ ದಿಮ್ಮಿ ಇನ್ನೂ ಕೋರ್ಟಿನ ಹಿಂದೆ ಬಿದ್ದಿದೆ. ಅಷ್ಟು ಗೊತ್ತು." ಬೆಲ್ಲದ ಬಟ್ಟಲನ್ನು ಮುಂದಕ್ಕೆ ತಳ್ಳಿದರು. "ಈಗ ಒಡೆಯಲಿಕ್ಕೇ ಆಗ್ತಿಲ್ಲ. ಸುತ್ತಿಗೆ ನಿಮ್ಮ ಹತ್ರ ಇದೆ."

ಕೇಸ್ ಡೈರಿಯಲ್ಲಿ "ಆರೋಪಿಯ ಉದ್ದೇಶ" ಎಂಬ ಸಾಲಿನ ಮುಂದೆ ಇನ್‌ಸ್ಪೆಕ್ಟರ್ ಬೇಬಿ ತರಿಯನ್ ಮೊದಲು "ಲಾಭ ಇಲ್ಲ" ಎಂದು ಬರೆದರು. ಆಮೇಲೆ ಅದನ್ನು ಹೊಡೆದುಹಾಕಿ, "ಮನೆಯ ಒಬ್ಬ ಸದಸ್ಯನಿಗೆ ನಿವೃತ್ತಿಯ ತನಕ ಕೆಲಸ" ಎಂದು ಬರೆದರು.

ಮೊದಲ ವಾಯಿದೆ ಜುಲೈಯಲ್ಲಿ ಬಿತ್ತು. ಸರ್ಕಾರಿ ವಕೀಲರಿಗೆ ಜ್ವರ. ಮುಂದಿನದು ಜನವರಿಗೆ ಹೋಯಿತು. ಆ ತಾರೀಖನ್ನು ತಿಳಿಸಲು ಸುಹರಾಬಿ ಡಿಪೋದ ಹೊಳೆಬದಿಗೆ ಹೋದಳು. ಜೀಪನ್ನು ಗೋಡೆಗೆ ನೇರವಾಗಿ ನಿಲ್ಲಿಸಿಯೇ ಇಳಿದಳು. ಅವಳು ಕೇಲುವಿಗೆ ಹೇಳಿದಳು. ಕೇಲು ಬಾಗಿ ಆನೆಯ ಕಿವಿಯಲ್ಲಿ ಹೇಳಿದ. ಆನೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಅದು ಏಳನೇ ರಾಶಿಯನ್ನು ಮುಗಿಸಿ, ಆರನೆಯದನ್ನು ನೋಡುತ್ತಾ ನಿಂತಿತ್ತು.